ಉಮ್ಮತ್ತಿಯ ಅಟ್ರೋಪಿನ್: ಕೀಟನಾಶಕದ ವಿಷಕ್ಕೆ ಪ್ರತಿವಿಷ

ಶಿವಪೂಜೆಗೆ ಸಲ್ಲುವ ಪತ್ರಪುಷ್ಪಗಳಲ್ಲಿ ಬಿಲ್ವ, ತುಂಬೆ, ಎಕ್ಕಗಳೊಡನೆ ಉಮ್ಮತ್ತಿಯೂ ಒಂದು. ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕದ ಈ ಗಿಡವು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಸುತ್ತಿನ ಹೊಲದ ಬದುಗಳಲ್ಲಿ, ತಿಪ್ಪೆಯ ಮಗ್ಗುಲಲ್ಲಿ, ಪಾಳುಬಿದ್ದ ಮನೆಯ ಅಂಗಳದಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುತ್ತದೆ. ಕಹಳೆಯಂತೆ ಅರಳುವ ಬಿಳಿಯ ಅಥವಾ ನೇರಳೆಯ ಹೂವು, ಮೈತುಂಬ ಮುಳ್ಳಿರುವ ಗುಂಡನೆಯ ಕಾಯಿ ಇದರ ಗುರುತು. ದತ್ತೂರಿ, ಮದಗುಣಿಕೆ ಎಂಬ ಹೆಸರುಗಳೂ ಇದಕ್ಕುಂಟು. ಗಡಿಯ ತೆಲುಗು ಮನೆಮಾತಿನವರು ಉಮ್ಮೆತ್ತ ಎನ್ನುತ್ತಾರೆ. ಸಂಸ್ಕೃತದ ‘ಉನ್ಮತ್ತ’ವೇ ಈ ಹೆಸರಿನ ಮೂಲ. ತಿಂದವನಿಗೆ ಉನ್ಮಾದ ಹಿಡಿಯುತ್ತದೆಂಬ ಎಚ್ಚರಿಕೆಯನ್ನು ಹಿರಿಯರು ಹೆಸರಿನಲ್ಲಿಯೇ ಇಟ್ಟುಹೋಗಿದ್ದಾರೆ.

ಈ ಗಿಡದ ಬೇರು, ಎಲೆ, ಹೂವು, ಬೀಜಗಳಲ್ಲೆಲ್ಲ ಆಲ್ಕಲಾಯ್ಡ್‌ಗಳೆಂಬ ಸಾರಜನಕಯುಕ್ತ ಸಸ್ಯಕ್ಷಾರಗಳಿವೆ. ಅವುಗಳಲ್ಲಿ ಒಂದು ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೀಟನಾಶಕದ ವಿಷ ತಗುಲಿದ ರೈತರ ಜೀವ ಉಳಿಸುವ ಮುಖ್ಯ ಔಷಧವಾಗಿದೆ. ಅದರ ಹೆಸರು ಅಟ್ರೋಪಿನ್. ಅದು ದೇಹದಲ್ಲಿ ಮಾಡುವ ಕೆಲಸವನ್ನು ಮನೆಯವರು ಅರಿತಿದ್ದರೆ ವಿಷಪ್ರಾಶನದ ಮೊದಲ ಗಳಿಗೆಗಳಲ್ಲಿ ಮಾಡಬೇಕಾದುದೇನು, ಮಾಡಬಾರದುದೇನು ಎಂಬುದು ತಾನಾಗಿ ತಿಳಿಯುತ್ತದೆ. ಔಷಧವು ಈ ಗಿಡದಲ್ಲಿಯೇ ಇದೆಯಲ್ಲ ಎಂದು ಗಿಡವನ್ನೇ ಅರೆದು ಕುಡಿಸುವ ಯೋಚನೆ ಎಷ್ಟು ಅಪಾಯಕರವೆಂಬುದೂ ತಿಳಿಯುತ್ತದೆ.

ಬದನೆ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಹೊಗೆಸೊಪ್ಪು ಇವೆಲ್ಲ ಉಮ್ಮತ್ತಿಯ ಕುಲದವೇ. ಯುರೋಪಿನ ಬೆಲ್ಲಡೋನ ಎಂಬ ಗಿಡವೂ ಇದೇ ಕುಲಕ್ಕೆ ಸೇರಿದ್ದು. 1831ರಲ್ಲಿ ಜರ್ಮನಿಯ ಮೈನ್ ಎಂಬ ಔಷಧಕಾರನು ಆ ಗಿಡದ ಬೇರಿನಿಂದ ಶುದ್ಧ ರೂಪದ ಕ್ಷಾರವೊಂದನ್ನು ಬೇರ್ಪಡಿಸಿದನು. 1833ರಲ್ಲಿ ಗೈಗರ್ ಮತ್ತು ಹೆಸ್ಸೆ ಎಂಬ ವಿಜ್ಞಾನಿಗಳೂ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡರು. ಬದುಕಿನ ಎಳೆಯನ್ನು ಕತ್ತರಿಸುವ ಗ್ರೀಕರ ವಿಧಿದೇವತೆ ಅಟ್ರೋಪಸ್‌ಳ ಹೆಸರು ಮೊದಲು ಗಿಡಕ್ಕೆ, ಗಿಡದಿಂದ ಕ್ಷಾರಕ್ಕೆ ಬಂದಿತು. ದತ್ತೂರಿಯಿಂದ ದೊರೆತ ಕ್ಷಾರವನ್ನು ಮೊದಲಿಗೆ ‘ಡಟ್ಯೂರಿನ್’ ಎಂದು ಬೇರೆಯಾಗಿ ಕರೆದಿದ್ದರು. ಎರಡೂ ಒಂದೇ ಎಂಬುದು ಆಮೇಲೆ ಸ್ಪಷ್ಟವಾಯಿತು. ಗಿಡದಲ್ಲಿ ಹೆಚ್ಚಾಗಿ ಇರುವುದು ಹಯೋಸಯಮಿನ್. ಅದನ್ನು ಸೋಸಿ ತೆಗೆಯುವಾಗ ಅದರ ಅರ್ಧಭಾಗವು ಎಡಗೈ ಬಲಗೈಯಾದಂತೆ ತನ್ನ ಕನ್ನಡಿರೂಪಕ್ಕೆ ಹೊರಳುತ್ತದೆ. ಈ ಎರಡು ರೂಪಗಳ ಸಮಮಿಶ್ರಣವೇ ಅಟ್ರೋಪಿನ್.

ಇನ್ನು ಅದು ಮಾಡುವ ಕೆಲಸ. ನಮ್ಮ ನರತಂತುಗಳು ಸ್ನಾಯುಗಳಿಗೂ ಗ್ರಂಥಿಗಳಿಗೂ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಅತಿ ಸೂಕ್ಷ್ಮವಾದ ಸಂದಿಯಿದೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಸಾಯನವು ಒಸರಿ, ಸಂದಿಯನ್ನು ದಾಟಿ, ಎದುರಿನ ಗ್ರಾಹಕದಲ್ಲಿ ಬೀಗಕ್ಕೆ ಕೀಲಿಕೈ ಕೂಡುವಂತೆ ಕೂತಾಗ ಸಂದೇಶ ತಲುಪುತ್ತದೆ. 1921ರಲ್ಲಿ ಆಟ್ಟೋ ಲೋವಿ ಎಂಬ ವಿಜ್ಞಾನಿಯು ಕಪ್ಪೆಯೊಂದರ ಹೃದಯದ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿದನು. ಅದು ಮುಳುಗಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ನರದಿಂದ ಏನೋ ಒಂದು ರಸ ಹೊರಟಿತ್ತೆಂಬುದಕ್ಕೆ ಅದೇ ಸಾಕ್ಷಿಯಾಯಿತು. ಅಟ್ರೋಪಿನ್ ಹಾಕಿದರೆ ಆ ಪರಿಣಾಮ ಕಾಣುತ್ತಿರಲಿಲ್ಲ. ಈ ಕ್ಷೇತ್ರದ ಸಂಶೋಧನೆಗಾಗಿ ಲೋವಿ ಮತ್ತು ಹೆನ್ರಿ ಡೇಲ್ ಇಬ್ಬರಿಗೂ 1936ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯಲ್ಲಿ ಬೆವರು, ಕರುಳಿನ ಚಲನೆ, ಶ್ವಾಸನಾಳದ ಲೋಳೆ, ಕಣ್ಣಪಾಪೆಯ ಕುಗ್ಗುವಿಕೆ, ಹೃದಯದ ನಿಧಾನಗತಿ ಇವೆಲ್ಲವೂ ಈ ಅಸಿಟೈಲ್‌ಕೋಲಿನ್‌ನ ಆಜ್ಞೆಯಂತೆ ನಡೆಯುತ್ತವೆ. ಅಟ್ರೋಪಿನ್ ಆ ಗ್ರಾಹಕಗಳಲ್ಲಿ ತಾನೇ ಹೋಗಿ ಕೂತು ಅಸಿಟೈಲ್‌ಕೋಲಿನ್‌ಗೆ ಎಡೆಯಿಲ್ಲದಂತೆ ಮಾಡುತ್ತದೆ. ಬೀಗದೊಳಗೆ ತಿರುಗದ ಕೀಲಿಕೈಯೊಂದು ಸಿಕ್ಕಿಕೊಂಡಂತೆ. ಆಗ ಬಾಯಿ ಒಣಗುತ್ತದೆ, ಬೆವರು ನಿಲ್ಲುತ್ತದೆ, ಶ್ವಾಸನಾಳ ಹಿಗ್ಗುತ್ತದೆ, ಕಣ್ಣಪಾಪೆ ಅರಳುತ್ತದೆ, ನಾಡಿ ವೇಗವಾಗುತ್ತದೆ.

ಸಂದೇಶ ಮುಟ್ಟಿದ ಮೇಲೆ ಅಸಿಟೈಲ್‌ಕೋಲಿನ್ ಅಲ್ಲಿಯೇ ಉಳಿಯಬಾರದು. ಅದನ್ನು ಕ್ಷಣಮಾತ್ರದಲ್ಲಿ ಒಡೆದು ಸಂದಿಯನ್ನು ಚೊಕ್ಕಗೊಳಿಸುವ ಕಿಣ್ವವೊಂದಿದೆ. ನಾವು ಬೆಳೆಗಳಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಮೊನೊಕ್ರೊಟೊಫಾಸ್ ಮೊದಲಾದ ಸಾವಯವ ರಂಜಕದ ಕೀಟನಾಶಕಗಳು ಹಿಡಿಯುವುದು ಈ ಕಿಣ್ವವನ್ನೇ. ಕಿಣ್ವವು ಕೆಲಸ ಬಿಟ್ಟಿತೆಂದರೆ ಅಸಿಟೈಲ್‌ಕೋಲಿನ್ ಸಂದಿಯಲ್ಲಿ ತುಂಬಿಕೊಂಡು, ನಿಲ್ಲದ ಆಜ್ಞೆಯಾಗಿ ದೇಹವನ್ನು ಹಿಂಸಿಸತೊಡಗುತ್ತದೆ. ರೇಷ್ಮೆ ಬೆಳೆಗಾರರು ಇದನ್ನು ಕಣ್ಣಾರೆ ಕಂಡವರು. ಔಷಧಿ ಹೊಡೆದ ಹಿಪ್ಪುನೇರಳೆ ಸೊಪ್ಪನ್ನು ವಾಯಿದೆ ಮುಗಿಯುವ ಮುನ್ನ ಹಾಕಿದರೆ, ಅಥವಾ ಪಕ್ಕದ ತೋಟದವರು ಹೊಡೆದದ್ದು ಗಾಳಿಯಲ್ಲಿ ತೇಲಿಬಂದು ಸೊಪ್ಪಿನ ಮೇಲೆ ಕೂತರೆ, ಹುಳುಗಳು ತಲೆಯಾಡಿಸಿ, ರಸ ಕಾರಿ, ಹೊರಳಾಡಿ, ಕುಗ್ಗಿ ಸಾಯುತ್ತವೆ. ಹುಳುವಿನ ನರಮಂಡಲವೂ ಇದೇ ರಸವನ್ನೇ ನಂಬಿದೆ. ತಟ್ಟೆಯಲ್ಲಿ ಆ ಹುಳುವಿಗೆ ಆಗುವುದೇ ರಕ್ಷಣೆಯಿಲ್ಲದೆ ಔಷಧಿ ಹೊಡೆದ ಮನುಷ್ಯನಿಗೂ ಆಗುತ್ತದೆ. ಹಿಪ್ಪುನೇರಳೆಗೆ ಬಹುಕಾಲ ಬಳಸುತ್ತಿದ್ದ ಡೈಕ್ಲೊರ್ವಾಸ್ ಕೂಡ ಇದೇ ವರ್ಗದ್ದು. ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದನ್ನು ನಿಷೇಧಿಸಲಾಗಿದೆ. ಹಳೆಯ ಬಾಟಲಿ ಹುಳುಮನೆಯ ಮೂಲೆಯಲ್ಲಿ ಉಳಿದಿಲ್ಲವೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. (ಕೊಲ್ಲುವ ದ್ರವಕ್ಕೆ ನಾವು ‘ಔಷಧಿ’ ಎಂದೇ ಹೆಸರಿಟ್ಟಿರುವುದು ನನಗೆ ಎಂದೂ ಸರಿಕಂಡಿಲ್ಲ. ಮಕ್ಕಳ ಕಿವಿಗೆ ಆ ಮಾತು ಬೀಳುವ ಮನೆಯಲ್ಲಂತೂ ಅದನ್ನು ವಿಷವೆಂದೇ ಕರೆಯಬೇಕು.)

ಈ ವಿಷ ಕುಡಿಯುವುದರಿಂದ ಮಾತ್ರವೇ ಮೈಗೇರುವುದಿಲ್ಲ. ಚರ್ಮದ ಮೂಲಕವೂ ಉಸಿರಿನ ಮೂಲಕವೂ ಸೇರುತ್ತದೆ. ಬರಿಗೈಯಲ್ಲಿ ಕಲಸಿದವರು, ಗಾಳಿಗೆದುರಾಗಿ ಸಿಂಪಡಿಸಿದವರು, ಬೆನ್ನಿನ ಡಬ್ಬಿ ಸೋರಿ ಅಂಗಿ ತೊಯ್ದರೂ ಕೆಲಸ ಮುಗಿಯಲೆಂದು ಹಾಗೆಯೇ ಇದ್ದವರು ಸಂಜೆಯ ವೇಳೆಗೆ ತಲೆಸುತ್ತು, ವಾಕರಿಕೆ, ಮಂಜಾದ ಕಣ್ಣು ಎಂದು ಮಲಗುತ್ತಾರೆ. ವಿಷ ಹೆಚ್ಚಾದಾಗ ಕಣ್ಣಪಾಪೆ ಸಾಸಿವೆಕಾಳಿನಷ್ಟು ಕಿರಿದಾಗುತ್ತದೆ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು ಮತ್ತು ನೊರೆ, ವಾಂತಿ, ಭೇದಿ, ತನ್ನರಿವಿಲ್ಲದೆ ಮೂತ್ರ, ಎದೆಯಲ್ಲಿ ಗೊರಗೊರ ಸದ್ದು, ಮಾಂಸಖಂಡಗಳಲ್ಲಿ ಅದುರು ಕಾಣಿಸುತ್ತವೆ. ಶ್ವಾಸಕೋಶದಲ್ಲಿ ಲೋಳೆ ತುಂಬಿ ತನ್ನ ದೇಹದ ನೀರಿನಲ್ಲಿಯೇ ಮನುಷ್ಯ ಮುಳುಗುತ್ತಾನೆ. ಹೆಚ್ಚಿನ ಸಾವುಗಳಿಗೆ ಕಾರಣ ಉಸಿರಾಟ ಸೋಲುವುದೇ.

ಅಟ್ರೋಪಿನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಉಮ್ಮತ್ತಿ ತಿಂದವನಿಗೂ ಕೀಟನಾಶಕ ಸೇರಿದವನಿಗೂ ಕಾಣುವ ಲಕ್ಷಣಗಳನ್ನು ಎದುರೆದುರು ಇಟ್ಟುನೋಡಿದರೆ ಒಂದಕ್ಕೊಂದು ತಲೆಕೆಳಗು: ಅಲ್ಲಿ ಒಣಬಾಯಿ, ಇಲ್ಲಿ ಜೊಲ್ಲು, ಅಲ್ಲಿ ಅರಳಿದ ಪಾಪೆ, ಇಲ್ಲಿ ಕುಗ್ಗಿದ ಪಾಪೆ, ಅಲ್ಲಿ ಬೆವರಿಲ್ಲದ ಬಿಸಿ ಮೈ, ಇಲ್ಲಿ ತೊಯ್ದ ಮೈ. ಒಂದನ್ನು ಇನ್ನೊಂದರಿಂದ ತಡೆಯಬಹುದೆಂಬ ತಿಳಿವು ಹೊಸತೇನಲ್ಲ. ಪಶ್ಚಿಮ ಆಫ್ರಿಕದ ಕಲಬಾರ್ ಅವರೆಯಲ್ಲಿರುವ ಫೈಸೊಸ್ಟಿಗ್ಮಿನ್ ಎಂಬ ಸಸ್ಯಕ್ಷಾರವು ಇದೇ ಕಿಣ್ವವನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತದೆ. 1864ರಲ್ಲಿ ಪ್ರಾಗ್ ನಗರದಲ್ಲಿ ಮದ್ಯವೆಂದು ತಿಳಿದು ಅಟ್ರೋಪಿನ್ ಕುಡಿದ ಸೆರೆಯಾಳುಗಳಿಗೆ ಕ್ಲೈನ್‌ವೆಕ್ಟರ್ ಎಂಬ ವೈದ್ಯನು ಆ ಅವರೆಯ ಸಾರವನ್ನು ಕೊಟ್ಟು ಫಲ ಕಂಡನು. ಇಂದು ನಮ್ಮ ಆಸ್ಪತ್ರೆಗಳಲ್ಲಿ ನಡೆಯುವುದು ಅದರ ತಿರುವುಮುರುವು. ಈ ಕೀಟನಾಶಕಗಳು ಯುದ್ಧದ ನರವಿಷಾನಿಲಗಳ ದಾಯಾದಿಗಳಾದ್ದರಿಂದ ಕೆಲವು ದೇಶಗಳ ಸೈನಿಕರೂ ಅಟ್ರೋಪಿನ್ ತುಂಬಿದ ಸಿರಿಂಜನ್ನು ಜೊತೆಯಲ್ಲಿಟ್ಟುಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ರೋಗಿಯ ಕಡೆಯವರನ್ನು ಗಾಬರಿಪಡಿಸುವ ಎರಡು ಸಂಗತಿಗಳುಂಟು. ಅವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ.

ಮೊದಲನೆಯದು ಮದ್ದಿನ ಪ್ರಮಾಣ. ನಮ್ಮಲ್ಲಿ ಅಟ್ರೋಪಿನ್ ಸಾಮಾನ್ಯವಾಗಿ 0.6 ಮಿಲಿಗ್ರಾಂ ಇರುವ ಪುಟ್ಟ ಗಾಜಿನ ಆಂಪೂಲುಗಳಲ್ಲಿ ಬರುತ್ತದೆ. ಬೇರೆ ಕಾಯಿಲೆಗಳಿಗೆ ಒಂದೆರಡು ಆಂಪೂಲು ಸಾಕು. ಕೀಟನಾಶಕದ ವಿಷಕ್ಕೆ ವೈದ್ಯರು ಮೂರರಿಂದ ಐದು ಆಂಪೂಲಿನಿಂದ ಆರಂಭಿಸಿ, ಐದೈದು ನಿಮಿಷಕ್ಕೆ ನೋಡಿ, ಗುಣ ಕಾಣದಿದ್ದರೆ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತ ಹೋಗುತ್ತಾರೆ. ಎದೆಯ ಗೊರಗೊರ ಸದ್ದು ನಿಲ್ಲಬೇಕು, ಕಂಕುಳು ಒಣಗಬೇಕು, ನಾಡಿ ನಿಮಿಷಕ್ಕೆ 80ನ್ನು ಮೀರಬೇಕು, ರಕ್ತದೊತ್ತಡ ನೆಲೆಗೆ ಬರಬೇಕು. ಅಲ್ಲಿಯವರೆಗೆ ನಿಲ್ಲಿಸುವಂತಿಲ್ಲ. ಆಮೇಲೂ ಹನಿಹನಿಯಾಗಿ ಮುಂದುವರಿಸುತ್ತಾರೆ. ಒಬ್ಬನಿಗೆ ನೂರು ಆಂಪೂಲು ಮುಗಿಯುವುದು ಅಪರೂಪವಲ್ಲ. ತಟ್ಟೆಯಲ್ಲಿ ಒಡೆದ ಗಾಜಿನ ರಾಶಿ ಕಂಡು, ಇಷ್ಟೊಂದು ಚುಚ್ಚಿ ಕೊಲ್ಲುತ್ತಿದ್ದಾರೆಂದು ಜಗಳಕ್ಕೆ ನಿಲ್ಲುವುದಾಗಲಿ, ರೋಗಿಯನ್ನು ಅರ್ಧದಲ್ಲಿ ಬಿಡಿಸಿಕೊಂಡು ಹೋಗುವುದಾಗಲಿ ತಕ್ಕುದಲ್ಲ.

ಎರಡನೆಯದು ರೋಗಿಯ ಬಡಬಡಿಕೆ. ಮದ್ದು ಮೈಗೂಡಿದ ಮೇಲೆ ರೋಗಿಯು ಇಲ್ಲದ ವಸ್ತುಗಳನ್ನು ಗಾಳಿಯಲ್ಲಿ ಹಿಡಿಯಲು ಹೋಗುವುದು, ಹಾಸಿಗೆಯ ಬಟ್ಟೆ ಕೀಳುವುದು, ಹೆಂಡತಿಮಕ್ಕಳ ಗುರುತು ಸಿಗದೆ ಕೂಗಾಡುವುದು ಉಂಟು. ಕೈಕಾಲು ಕಟ್ಟಬೇಕಾದ ಸಂದರ್ಭವೂ ಬರುತ್ತದೆ. ಇದು ದೆವ್ವವೂ ಅಲ್ಲ, ಬುದ್ಧಿಭ್ರಮಣೆಯೂ ಅಲ್ಲ. ಉಮ್ಮತ್ತಿಯ ಹೆಸರಿಗೆ ಕಾರಣವಾದ ಅದೇ ಉನ್ಮಾದ. ಇದರೊಡನೆ ಜ್ವರವೇರಿದರೆ, ಹೊಟ್ಟೆ ಉಬ್ಬರಿಸಿದರೆ, ಮೂತ್ರ ಕಟ್ಟಿದರೆ ಮದ್ದು ಮಿತಿ ದಾಟಿದೆಯೆಂದು ತಿಳಿದು ವೈದ್ಯರು ಸ್ವಲ್ಪ ಹೊತ್ತು ತಡೆದು ಮತ್ತೆ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಪಕ್ಕದಲ್ಲಿರುವವರು ಈ ಚಿಹ್ನೆಗಳನ್ನು ಕಂಡಾಗ ಶುಶ್ರೂಷಕಿಗೆ ತಿಳಿಸಿದರೆ ಉಪಕಾರವಾಗುತ್ತದೆ.

ಅಟ್ರೋಪಿನ್‌ಗೂ ಮಿತಿಯಿದೆ. ಕೈಕಾಲು, ಕತ್ತು, ಎದೆಯ ಸ್ನಾಯುಗಳಲ್ಲಿರುವ ಗ್ರಾಹಕಗಳು ಬೇರೆ ಬಗೆಯವು. ಅವುಗಳ ಮೇಲೆ ಇದು ನಡೆಯದು. ಆದ್ದರಿಂದಲೇ ಜೊಲ್ಲು, ಲೋಳೆ ನಿಂತು ರೋಗಿ ಎದ್ದು ಕೂತು ಮಾತಾಡಿದ ಮೇಲೂ ಒಂದರಿಂದ ನಾಲ್ಕು ದಿನಗಳ ಒಳಗೆ ಕತ್ತು ಎತ್ತಲಾಗದೆ, ಉಸಿರಾಟದ ಸ್ನಾಯುಗಳು ಸೋಲುವುದುಂಟು. ಆಗ ವೆಂಟಿಲೇಟರೇ ಗತಿ. “ಆರಾಮಾಯಿತು, ಮನೆಗೆ ಕಳಿಸಿ” ಎಂದು ಎರಡನೆಯ ದಿನವೇ ಒತ್ತಾಯಿಸುವವರು ಇದನ್ನು ನೆನಪಿಡಬೇಕು. ದಿಂಬಿನಿಂದ ತಲೆಯೆತ್ತಲು ರೋಗಿಗೆ ಸಾಧ್ಯವಾಗುತ್ತಿದೆಯೇ ಎಂದು ದಿನಕ್ಕೆ ಹಲವು ಬಾರಿ ನೋಡುವುದು ಸುಲಭವಾದ ಪರೀಕ್ಷೆ. ಕಿಣ್ವವನ್ನು ವಿಷದ ಹಿಡಿತದಿಂದ ಬಿಡಿಸಲು ಪ್ರಾಲಿಡಾಕ್ಸಿಮ್ ಎಂಬ ಮದ್ದನ್ನೂ ಕೊಡುವುದುಂಟು. ಅದರ ಪ್ರಯೋಜನ ಎಷ್ಟೆಂಬುದರಲ್ಲಿ ವೈದ್ಯಲೋಕಕ್ಕೆ ಒಮ್ಮತವಿಲ್ಲ. ಅಟ್ರೋಪಿನ್ ವಿಷಯದಲ್ಲಿ ಆ ಭಿನ್ನಾಭಿಪ್ರಾಯವಿಲ್ಲ.

ಹಾಗಾದರೆ ಆಸ್ಪತ್ರೆ ದೂರವಿದ್ದಾಗ ಬದುವಿನ ಉಮ್ಮತ್ತಿಯನ್ನೇ ಅರೆದು ಕುಡಿಸಬಾರದೇಕೆ? ಕೇಳಲು ನ್ಯಾಯವಾಗಿಯೇ ಇರುವ ಈ ಪ್ರಶ್ನೆಗೆ ಉತ್ತರ ಖಂಡಿತವಾಗಿ ಬೇಡವೆಂದೇ. ಗಿಡದಿಂದ ಗಿಡಕ್ಕೆ, ಎಲೆಯಿಂದ ಬೀಜಕ್ಕೆ, ಬೇಸಿಗೆಯಿಂದ ಮಳೆಗಾಲಕ್ಕೆ ಕ್ಷಾರದ ಪ್ರಮಾಣ ಬದಲಾಗುತ್ತದೆ. ವೈದ್ಯರು ಐದು ನಿಮಿಷಕ್ಕೊಮ್ಮೆ ಅಳೆದು ಕೊಡುವುದನ್ನು ಒರಳಿನಲ್ಲಿ ಅಳೆಯಲಾಗದು. ಉಮ್ಮತ್ತಿಯಲ್ಲಿ ಅಟ್ರೋಪಿನ್‌ನ ಜೊತೆಗೆ ಮಿದುಳನ್ನು ಮಂಕುಗೊಳಿಸುವ ಸ್ಕೋಪೊಲಮಿನ್ ಕೂಡ ಇದೆ. ಹಿಂದಿನ ಕಾಲದಲ್ಲಿ ದಾರಿಗಳ್ಳರು ಪ್ರಯಾಣಿಕರಿಗೆ ದತ್ತೂರಿ ತಿನ್ನಿಸಿ ಮಂಕು ಕವಿಸಿ ದೋಚುತ್ತಿದ್ದುದು ಈ ಗುಣದಿಂದಲೇ. ವಾಂತಿಯಾಗುತ್ತಿರುವ, ಅರಿವು ತಪ್ಪುತ್ತಿರುವ ಮನುಷ್ಯನ ಬಾಯಿಗೆ ಏನೇ ಹೊಯ್ದರೂ ಅದು ಹೊಟ್ಟೆಗಿಂತ ಶ್ವಾಸಕೋಶಕ್ಕೆ ಇಳಿಯುವ ಸಂಭವವೇ ಹೆಚ್ಚು. ಮೇಲಾಗಿ ಎರಡು ವಿಷಗಳ ಲಕ್ಷಣಗಳು ಬೆರೆತರೆ ವೈದ್ಯರ ಲೆಕ್ಕವೂ ತಪ್ಪುತ್ತದೆ. ಆಯುರ್ವೇದವೂ ಉಮ್ಮತ್ತಿಯನ್ನು ಉಪವಿಷಗಳ ಸಾಲಿನಲ್ಲಿಟ್ಟು, ಶೋಧನೆ ಮಾಡದೆ ಬಳಸಬಾರದೆಂದು ವಿಧಿಸಿದೆ. ಪೂಜೆಗೆ ತಂದ ಹೂವುಕಾಯಿಗಳನ್ನು ಮಕ್ಕಳ ಕೈಗೆ ಸಿಗದಂತೆ ವಿಸರ್ಜಿಸಬೇಕು. ಮೆಣಸಿನಕಾಯಿಯ ಬೀಜದಂತೆ ಕಾಣುವ ಇದರ ಬೀಜ ತಿಂದು ಆಸ್ಪತ್ರೆ ಸೇರುವ ಮಕ್ಕಳುಂಟು.

ವಿಷ ತಗುಲಿದಾಗ ಮನೆಯವರು ಮಾಡಬೇಕಾದದ್ದು ಸರಳ. ತೊಯ್ದ ಬಟ್ಟೆಗಳನ್ನು ತೆಗೆದು, ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡು, ಮೈ, ತಲೆಗೂದಲು, ಉಗುರುಸಂದಿಗಳನ್ನು ಸೋಪು ಹಚ್ಚಿ ಧಾರಾಳ ನೀರಿನಿಂದ ತೊಳೆಯಬೇಕು. ಎಡಮಗ್ಗುಲಿಗೆ ಮಲಗಿಸಬೇಕು. ಉಪ್ಪುನೀರು, ಸೋಪಿನ ನೀರು, ಹುಣಿಸೆಹುಳಿ ಕುಡಿಸಿ ವಾಂತಿ ಮಾಡಿಸಲೇಬಾರದು. ಎಷ್ಟೋ ಕೀಟನಾಶಕಗಳಲ್ಲಿ ಸೀಮೆಎಣ್ಣೆಯಂಥ ದ್ರಾವಕವಿರುವುದರಿಂದ ವಾಂತಿಯೊಡನೆ ಅದು ಶ್ವಾಸಕೋಶವನ್ನು ಸೇರಿ ಇನ್ನೊಂದು ಅನಾಹುತವಾಗುತ್ತದೆ. 108ಕ್ಕೆ ಕರೆಮಾಡಿ, ಅಟ್ರೋಪಿನ್ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಒಯ್ಯಬೇಕು. ದಿಬ್ಬೂರಹಳ್ಳಿಯ ಕಡೆಯವರು ನೇರವಾಗಿ ಬೆಂಗಳೂರಿಗೆ ಹೊರಟು ದಾರಿಯಲ್ಲಿ ಹೊತ್ತು ಕಳೆಯುವುದಕ್ಕಿಂತ ಶಿಡ್ಲಘಟ್ಟದಲ್ಲಿಯೋ ಚಿಕ್ಕಬಳ್ಳಾಪುರದಲ್ಲಿಯೋ ಮೊದಲ ಮದ್ದು ಹಾಕಿಸಿಕೊಂಡು, ಎಷ್ಟು ಆಂಪೂಲು ಕೊಟ್ಟರೆಂಬ ಚೀಟಿಯೊಡನೆ ಮುಂದೆ ಹೋಗುವುದು ಲೇಸು. ವಿಷದ ಬಾಟಲಿಯನ್ನು ತಪ್ಪದೆ ಒಯ್ಯಬೇಕು. ಧಾನ್ಯದ ಚೀಲಗಳಲ್ಲಿಡುವ ಮಾತ್ರೆಯ ವಿಷಕ್ಕಾಗಲಿ, ಕಳೆನಾಶಕ ಪ್ಯಾರಾಕ್ವಾಟ್‌ಗಾಗಲಿ ಅಟ್ರೋಪಿನ್ ಪ್ರತಿವಿಷವಲ್ಲ. ಯಾವುದು ಸೇರಿದೆಯೆಂದು ತಿಳಿಯದೆ ಚಿಕಿತ್ಸೆ ಸರಿದಾರಿ ಹಿಡಿಯದು.

ಬಾಟಲಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದವನ್ನು ಉಂಡು 17 ಮಂದಿ ತೀರಿಹೋದರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದು ಬೇಕೆಂದೇ ಬೆರೆಸಿದ ವಿಷ. 2013ರ ಜುಲೈನಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟವುಂಡ 23 ಮಕ್ಕಳು ಸತ್ತದ್ದಕ್ಕೂ ಇದೇ ವರ್ಗದ ಮೊನೊಕ್ರೊಟೊಫಾಸ್ ಕಾರಣ. ಸಾಮೂಹಿಕ ಅಡುಗೆ ನಡೆಯುವ ಕಡೆ, ನಮ್ಮ ಮಠಗಳ ದಾಸೋಹದ ಉಗ್ರಾಣಗಳಲ್ಲಿಯೂ, ಕೀಟನಾಶಕದ ಡಬ್ಬಿಯಾಗಲಿ ಅದರ ಖಾಲಿ ಕ್ಯಾನಾಗಲಿ ಒಳಗೆ ಬರಕೂಡದು. ತೊಳೆದರೂ ಹೋಗದ ವಿಷವದು. ಉಂಡವರಲ್ಲಿ ಹಲವರಿಗೆ ಒಟ್ಟಿಗೇ ಜೊಲ್ಲು, ಬೆವರು, ವಾಂತಿ ಕಂಡರೆ ಅಜೀರ್ಣವೆಂದು ಕಾಯದೆ ವಿಷವೆಂದೇ ತಿಳಿದು ಹೊರಡಬೇಕು.

ಮನೆಯಲ್ಲಿಯೂ ಈ ವಿಷ ಬೀಗದೊಳಗಿರಲಿ. ಸಾಲ, ಬೆಳೆನಷ್ಟ, ಗೂಡಿನ ಬೆಲೆಯ ಕುಸಿತಗಳ ನಡುವೆ ಕ್ಷಣದ ಹತಾಶೆಯಲ್ಲಿ ಕೈಗೆ ಸಿಕ್ಕಿದ್ದನ್ನು ಕುಡಿದವರಲ್ಲಿ ಬಹುಪಾಲು ಜನ ಬದುಕಿಬಂದ ಮೇಲೆ ಸಾಯಬೇಕೆಂದಿರಲಿಲ್ಲ ಎನ್ನುತ್ತಾರೆ. ಕೀಲಿಕೈ ಹುಡುಕುವ ಹತ್ತು ನಿಮಿಷವೂ ಜೀವ ಉಳಿಸಬಲ್ಲದು. ಮನಸ್ಸು ಕುಗ್ಗಿದವರು ಅಥವಾ ಅವರ ಮನೆಯವರು 14416 ಸಂಖ್ಯೆಯ ಟೆಲಿ ಮಾನಸ್ ಸೇವೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಅಟ್ರೋಪಿನ್‌ನ ಇತರ ಉಪಯೋಗಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಹೃದಯದ ಬಡಿತ ಅತಿಯಾಗಿ ನಿಧಾನವಾದಾಗ ಅದನ್ನು ಚುರುಕುಗೊಳಿಸಲು, ಕಣ್ಣಿನ ಒಳಭಾಗದ ಉರಿಯೂತದಲ್ಲಿ ಪಾಪೆಯನ್ನು ಹಿಗ್ಗಿಸಿಡಲು ಇದನ್ನು ಬಳಸುತ್ತಾರೆ. ಒಂದು ಕಣ್ಣು ಮಂದವಾಗಿರುವ ಮಕ್ಕಳಿಗೆ ಒಳ್ಳೆಯ ಕಣ್ಣಿಗೆ ಇದರ ಹನಿ ಹಾಕಿ, ಮಂದಗಣ್ಣು ದುಡಿಯುವಂತೆ ಮಾಡುವ ಜಾಣ ಚಿಕಿತ್ಸೆಯೂ ಉಂಟು. ಉಬ್ಬಸಕ್ಕೆ ಉಮ್ಮತ್ತಿಯ ಹೊಗೆ ಸೇದುವ ನಮ್ಮ ನಾಡಿನ ಪದ್ಧತಿಯನ್ನು 1802ರಲ್ಲಿ ಜನರಲ್ ಜೆಂಟ್ ಎಂಬಾತನು ಮದರಾಸಿನಿಂದ ಇಂಗ್ಲೆಂಡಿಗೆ ಒಯ್ದನು. ಅದನ್ನು ಅವನಿಗೆ ತಿಳಿಸಿದ ಮದರಾಸಿನ ವೈದ್ಯಾಧಿಕಾರಿ ಜೇಮ್ಸ್ ಆಂಡರ್ಸನ್, ಆ ಪ್ರಾಂತ್ಯದಲ್ಲಿ ಹಿಪ್ಪುನೇರಳೆಯನ್ನೂ ರೇಷ್ಮೆಹುಳುವನ್ನೂ ಬೆಳೆಸಲು ಶ್ರಮಿಸಿದವನೂ ಹೌದೆಂಬುದು ನಮ್ಮ ಶಿಡ್ಲಘಟ್ಟದ ಕಡೆಯವರಿಗೆ ಕುತೂಹಲವೆನಿಸಬಹುದು. ಇಂದಿನ ಇಪ್ರಟ್ರೋಪಿಯಂ, ಟಯೊಟ್ರೋಪಿಯಂ ಇನ್‌ಹೇಲರುಗಳು ಆ ವಂಶದ ಸುಧಾರಿತ ಕುಡಿಗಳು. ಮಿದುಳಿಗೆ ಹೆಚ್ಚಾಗಿ ಹೋಗದಂತೆ ಅವನ್ನು ಮಾರ್ಪಡಿಸಿರುವುದರಿಂದ ಉನ್ಮಾದದ ಭಯ ಕಡಿಮೆ. ಇವು ದೊರೆಯುವ ಕಾಲದಲ್ಲಿ ಉಮ್ಮತ್ತಿಯ ಎಲೆ ಸುತ್ತಿ ಹೊಗೆ ಎಳೆಯಲು ಯಾವ ಕಾರಣವೂ ಉಳಿದಿಲ್ಲ.

ಕೀಟನಾಶಕದ ವಿಷದಿಂದ ಪಾರಾಗಿ ಮನೆಗೆ ಮರಳಿದವರಿಗೆ ಒಂದು ಸೂಚನೆ. ಅಟ್ರೋಪಿನ್ ಲಕ್ಷಣಗಳನ್ನು ತಡೆದು ಜೀವ ಉಳಿಸುತ್ತದೆ. ಕೆಟ್ಟ ಕಿಣ್ವವನ್ನು ಅದು ಮರಳಿ ಕೊಡುವುದಿಲ್ಲ. ಕಿಣ್ವವನ್ನು ದೇಹವೇ ಹೊಸದಾಗಿ ತಯಾರಿಸಬೇಕು. ಕೆಂಪು ರಕ್ತಕಣಗಳಲ್ಲಿ ಅದು ದಿನಕ್ಕೆ ಸುಮಾರು ಶೇಕಡ 1ರಷ್ಟು ಮಾತ್ರ ತುಂಬಿಬರುತ್ತದೆ. ಆ ಅವಧಿಯಲ್ಲಿ ಅಲ್ಪ ವಿಷ ತಗುಲಿದರೂ ಮೊದಲಿಗಿಂತ ಬೇಗ ನೆಲಕ್ಕುರುಳಬೇಕಾಗುತ್ತದೆ. ಆದುದರಿಂದ ಎರಡು ಮೂರು ತಿಂಗಳು ಡಬ್ಬಿಯನ್ನು ಬೆನ್ನಿಗೇರಿಸಬಾರದು, ಔಷಧಿ ಹೊಡೆದ ತೋಟದಲ್ಲಿ ಸೊಪ್ಪು ಕೊಯ್ಯಲೂ ಇಳಿಯಬಾರದು. ಮತ್ತೆ ಕೆಲಸಕ್ಕೆ ಹೋಗುವ ಮುನ್ನ ರಕ್ತದಲ್ಲಿ ಕೋಲಿನೆಸ್ಟರೇಸ್ ಮಟ್ಟವನ್ನು ಪರೀಕ್ಷಿಸಿಕೊಂಡು ವೈದ್ಯರ ಮಾತಿನಂತೆ ನಡೆಯತಕ್ಕದ್ದು.